ಗೆರೆ ಸೇರುವಲ್ಲಿ

“ಗಂಗಾ, ಈ ಮಂಟಪಗಳು ಎತ್ತಾಗ ಹೊಂಟಾವ? ಗೋಪುರ ಹತ್ತಾಕ ಹೊಂಟಂಗ ಕಾಣ್ತಾವಲ್ಲ.”

ಸೊಸೆ ಬರೆಯುತ್ತಿದ್ದ ಹಾಳೆಯೊಳಗೆ ಇಣುಕಿ ಮುದುಕಮ್ಮ ನಕ್ಕರು. ಗಂಗಾಂಬಿಕಾಳಿಗೆ ನಗು ಬರಲಿಲ್ಲ. ನಾಳೆ ಹೊಸಪೇಟೆಯಲ್ಲಿ ಚಿತ್ರಕಲೆಯ ಪರೀಕ್ಷೆ. ಹೋದ ಸಲ ಕಟ್ಟಡ ಬರೆಯುವಲ್ಲೇ ಎಡವಿದ್ದಳು. ಈ ಸಲವೂ ಎಡವಿದರೆ ಕಂಪ್ಲಿಯ ಶಾಲೆಯಲ್ಲಿ ಅವಳ ಡ್ರಾಯಿಂಗ್ ಟೀಚರ್ ಕೆಲಸ ಬೇರೆಯವರ ಪಾಲು. ಅದಕ್ಕೇ ಬೆಳಗಿನ ಮೊದಲ ಬಸ್ಸಿಗೆ ಅತ್ತೆಯ ಜೊತೆ ಹಂಪಿಗೆ ಬಂದು, ವಿರೂಪಾಕ್ಷನ ಗೋಪುರಕ್ಕೆ ಮುಖ ಮಾಡಿ, ಎರಡೂ ಬದಿ ಕಲ್ಲುಮಂಟಪಗಳ ಸಾಲಿದ್ದ ಬಜಾರಿನ ನಟ್ಟನಡುವೆ ನಿಂತಿದ್ದಳು.

“ಕಣ್ಣು ಎಲ್ಲಿ ಹೋಗಿ ನಿಲ್ತೈತೋ ಅಲ್ಲಿ ಗೆರಿ ಎಲ್ಲಾ ಸೇರ್ಬೇಕಂತ್ರಿ ಅತ್ತಿ. ಇಲ್ಲಿ ನಿಂತ್ರ ಕಣ್ಣು ಕಳಸಕ್ಕಲ್ದ ಮತ್ತೆಲ್ಲಿಗೆ ಹೋಗ್ತೈತಿ?”

“ಅದೂ ಖರೇನ,” ಎಂದು ಮುದುಕಮ್ಮ ಕೆಂಪು ಸೆರಗನ್ನು ತಲೆಯ ಮೇಲೆಳೆದುಕೊಂಡರು. “ನೀ ಬರಕೊಂತ ನಿಂದ್ರು. ನಂಗ ಮಂಗಳಾರತಿ ತಪ್ಪತೈತಿ.”

ಅವರ ನೆತ್ತಿ ಸರಿಯಾಗಿ ಸೊಸೆಯ ಕಣ್ಣಿನ ಮಟ್ಟಕ್ಕಿತ್ತು. ಅವರು ಗುಡಿಯ ಕಡೆ ನಡೆದರು. ದೂರ ಹೋದಂತೆ ಸಣ್ಣಗಾದರು. ಸಣ್ಣಗಾದಂತೆ ತಲೆ ಕೆಳಗಿಳಿಯಬೇಕಲ್ಲ ಎಂದು ಗಂಗಾಂಬಿಕಾ ಸುಮ್ಮನೆ ನೋಡಿದಳು. ತಲೆ ಇಳಿಯಲೇ ಇಲ್ಲ, ಪಾದಗಳೇ ಮೇಲೇರುತ್ತಿದ್ದವು. ಪೆನ್ಸಿಲನ್ನು ಕಣ್ಣೆದುರು ಅಡ್ಡ ಹಿಡಿದಳು. ಕೆಂಪು ಸೆರಗು ಅದರ ಮೇಲೆಯೇ ಕೂತಿತ್ತು.

“ಅತ್ತೀ, ಅಲ್ಲೇ ನಿಂದ್ರಿ!”

“ಏನಾತ?”

“ಏನಿಲ್ರಿ, ನಡೀರಿ.”

“ನಿಂದ್ರು ಅಂತಿ, ನಡಿ ಅಂತಿ. ಮಂಗಳಾರತಿ ನಿನ್ ಮಾತು ಕೇಳ್ತೈತೇನು?”

ಗಂಗಾಂಬಿಕಾ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಗುಡಿಗೆ ಹೊರಟಿದ್ದ ಜನರಲ್ಲಿ ಹತ್ತಿರದವರ ತಲೆ ಆಕಾಶಕ್ಕೆ ಹೋಯಿತು, ದೂರದವರದು ಕೆಳಗುಳಿಯಿತು. ಎದ್ದು ನಿಂತಳು. ಚದುರಿದ ತಲೆಗಳೆಲ್ಲ ಮತ್ತೆ ಒಂದೇ ಸಾಲಿಗೆ ಬಂದವು. ಗೆರೆಗಳೆಲ್ಲ ಹೋಗಿ ಸೇರಬೇಕಾದ ಕ್ಷಿತಿಜ ರೇಖೆಯನ್ನು ಅವಳು ಇಷ್ಟು ದಿನ ಗುಡ್ಡದಾಚೆ, ಕಳಸದಾಚೆ ಹುಡುಕಿದ್ದಳು. ಅದು ಅವಳ ಕಣ್ಣಿನ ಮಟ್ಟದಲ್ಲೇ ಇದ್ದು, ಅವಳ ಜೊತೆಗೇ ಕೂತು, ಅವಳ ಜೊತೆಗೇ ಏಳುತ್ತಿತ್ತು.

ಹಳೆಯ ಗೆರೆಗಳನ್ನು ಅಳಿಸಿದಳು. ಹೊಸ ಗೆರೆ ಗೋಪುರದ ಬುಡದಲ್ಲಿ, ಬಾಗಿಲೊಳಗೆ ಹೋಗುವವರ ತಲೆಯ ಎತ್ತರಕ್ಕೆ ಬಿತ್ತು. ಮಂಟಪದ ಸೂರುಗಳು ಆ ಬಾಗಿಲಿಗೆ ಇಳಿದು ಬಂದವು, ಜಗುಲಿಗಳು ಏರಿ ಬಂದವು. ಗೋಪುರ ಮಾತ್ರ ಎಲ್ಲಕ್ಕಿಂತ ಮೇಲೆ ತನ್ನ ಪಾಡಿಗೆ ನಿಂತೇ ಇತ್ತು.

ಗೆರೆಗಳು ಸೇರಿದ ಕಡೆ ಚುಕ್ಕೆಯಿಟ್ಟು ತಲೆಯೆತ್ತಿದಳು. ಬಾಗಿಲ ಕತ್ತಲಲ್ಲಿ ಅತ್ತೆಯ ಕೆಂಪು ಸೆರಗು ಕಾಣಲಿಲ್ಲ. ಇನ್ಯಾರೋ ಇಬ್ಬರು, ಹಣ್ಣುಕಾಯಿ ಹಿಡಿದು, ಸಣ್ಣಗಾಗುತ್ತ ಅತ್ತಲೇ ನಡೆದಿದ್ದರು.