ಹಿಗ್ಗದ ಗಡುವು

ಬುರುಲ್ಚಾಳ ಲೆಕ್ಕ ಸತ್ತಿತ್ತು. ಅವಧಿ ಮುಗಿದಿದೆ, ನಿಲ್ಲಿಸಲಾಗಿದೆ ಎಂದು ಪರದೆ ಹೇಳಿತು. ಅಷ್ಟೇ.

ಬಿಷ್ಕೆಕ್‌ನ ಆ ಸಂಶೋಧನಾ ಸಂಸ್ಥೆಯ ಕ್ಲಸ್ಟರ್ ಹತ್ತಾರು ಕಂಪ್ಯೂಟರು ಜೋಡಿಸಿದ, ಎಲ್ಲರೂ ಹಂಚಿಕೊಂಡು ಬಳಸುವ ಯಂತ್ರ. ಎಷ್ಟು ಹೊತ್ತು ಬೇಕೆಂದು ಮೊದಲೇ ಬರೆದು ಸರದಿಗೆ ನಿಲ್ಲಬೇಕು. ಗಡುವು ದಾಟಿದರೆ ಅದು ಮುಲಾಜಿಲ್ಲದೆ ಲೆಕ್ಕದ ಕತ್ತು ಹಿಸುಕುತ್ತದೆ. ಕಡಿಮೆ ಬರೆದವರಿಗೆ ಸರದಿ ಬೇಗ ಬರುತ್ತದೆ. ಹಾಗಾಗಿ ಅಲ್ಲಿ ದೊಡ್ಡ ದೊಡ್ಡ ವಿದ್ವಾಂಸರೂ ಕಡಿಮೆ ಬರೆದು ಒಳಗೆ ನುಸುಳಿ, ಆಮೇಲೆ ಯಂತ್ರ ನೋಡಿಕೊಳ್ಳುವ ತಾಲಾಯ್‌ನಿಂದ ಗಡುವು ಹಿಗ್ಗಿಸಿಕೊಳ್ಳುತ್ತಾರೆ.

ಬುರುಲ್ಚಾಳಿಗೆ ಆ ದಾರಿ ತೋರಿಸಿದವನೂ ತಾಲಾಯ್‌ನೇ. ಬಾಯ್ತುಂಬ ಎಜೆ ಎಂದು ಕರೆದು, ಅಕ್ಕನ ಸಲಿಗೆ ತೆಗೆದುಕೊಂಡು, "ಎರಡೇ ದಿನ ಅಂತ ಬರೀರಿ ಎಜೆ, ಉಳಿದದ್ದು ನಾನ್ ನೋಡ್ಕೋತೀನಿ. ನಡುನಡುವೆ ಸೇವ್ ಮಾಡೋದೂ ಬೇಡ, ಡಿಸ್ಕ್ ತುಂಬಿ ತುಳುಕ್ತಿದೆ," ಎಂದಿದ್ದ. ಅವನನ್ನು ಆ ಕೆಲಸಕ್ಕೆ ಸೇರಿಸಿದವಳೇ ಅವಳು. ನಂಬದೆ ಏನು ಮಾಡುತ್ತಾಳೆ?

ಬೆಟ್ಟದ ಮೇಲಿನ ಕೆರೆಯ ಹಿಮದ ಒಡ್ಡು ಒಡೆದರೆ ನೀರು ಎಲ್ಲಿಯವರೆಗೆ ನುಗ್ಗುತ್ತದೆ ಎಂಬ ಲೆಕ್ಕ ಅದು. ಶುಕ್ರವಾರ ಸರ್ಕಾರದ ಆಯೋಗದ ಮುಂದೆ ತೋರಿಸಬೇಕಿತ್ತು. ತೋರಿಸಿದವರಿಗೇ ಕೆರೆ ಬರಿದು ಮಾಡಿಸುವ ಕೆಲಸದ ಮುಂದಾಳತ್ವ.

ಸರದಿ ತೆರೆದು ನೋಡಿದಳು. ಅವಳ ಲೆಕ್ಕ ಸತ್ತ ಜಾಗದಲ್ಲೇ ಹೊಸದೊಂದು ಓಡುತ್ತಿತ್ತು. ಅದೇ ಕೆರೆ, ಅವಳದೇ ಅಳತೆಗಳು, ಬೇಕಾದಷ್ಟು ಗಡುವು. ಹೆಸರು ಮಾತ್ರ ತಾಲಾಯ್‌ನದು.

ಅವನು ತನ್ನ ಕೋಣೆಯಲ್ಲಿ ರೊಟ್ಟಿ ಮುರಿದು ಚಹಾದಲ್ಲಿ ಅದ್ದುತ್ತಿದ್ದ.

"ಗಡುವು ಹಿಗ್ಗಿಸ್ತೀನಿ ಅಂದಿದ್ದೆಯಲ್ಲೋ."

"ನಿಯಮ ಅಂದ್ರೆ ನಿಯಮ ಎಜೆ. ಎಲ್ಲರಿಗೂ ಒಂದೇ."

"ನಿನಗೂ?"

"ನಂದು ನಿರ್ದೇಶಕರನ್ನ ಕೇಳೇ ಹಾಕಿದ್ದು."

"ಆ ಆಳವೆಲ್ಲ ನಾನು ದೋಣೀಲಿ ಕೂತು, ಕೈ ಮರಗಟ್ಟಿಸ್ಕೊಂಡು ಅಳೆದದ್ದು ಕಣೋ."

"ಕೆರೆ ಯಾರಪ್ಪಂದೂ ಅಲ್ವಲ್ಲ ಎಜೆ. ಅಳತೆ ತಗೋ ಅಂತ ಕೊಟ್ಟಿದ್ದೂ ನೀವೇ. ಕೂತ್ಕೊಳ್ಳಿ, ಚಹಾ ಕುಡೀರಿ."

ಅವಳ ಮೈಯೆಲ್ಲ ಉರಿಯಿತು. ಮತ್ತೆ ಮೊದಲಿಂದ ಓಡಿಸಲು ಶುಕ್ರವಾರದೊಳಗೆ ಸರದಿಯೇ ಸಿಗದು. ಕಳ್ಳದಾರಿಯಲ್ಲಿ ನುಸುಳಿದವಳು ತಾನೇ ಆದ್ದರಿಂದ ದೂರು ಕೊಡುವ ಬಾಯಿಯೂ ಇರಲಿಲ್ಲ. ಅದನ್ನೂ ಅವನು ಲೆಕ್ಕ ಹಾಕಿಯೇ ಇಟ್ಟಿದ್ದ, ಕೃತಘ್ನ.

ಶುಕ್ರವಾರ ತಾಲಾಯ್ ಕೋಟು ತೊಟ್ಟು ನಿಂತು, ನೀರು ಕೆಳಗಿನ ಹಳ್ಳಿಯ ಶಾಲೆಯನ್ನು ಮುಳುಗಿಸುವುದನ್ನು ತೋರಿಸಿದ. ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾರದ್ದಾದ್ರೂ ತಕರಾರಿದೆಯಾ? ಇದ್ರೆ ಈಗಲೇ ಹೇಳಿ, ವಿಷಯ ಮುಂದಿನ ವರ್ಷಕ್ಕೆ ಹೋಗುತ್ತೆ," ಎಂದರು ಅಧ್ಯಕ್ಷರು.

ಈ ಬೇಸಿಗೆಯನ್ನು ಆ ಒಡ್ಡು ತಡೆದುಕೊಳ್ಳುವುದಿಲ್ಲ. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿದೆ ಎಂಬುದು ತಾಲಾಯ್‌ಗೂ ಗೊತ್ತು. ಅವನು ಅವಳನ್ನೇ ನೋಡಿದ. ಮುಖದಲ್ಲಿ ಎಳ್ಳಷ್ಟೂ ಹೆದರಿಕೆಯಿರಲಿಲ್ಲ. ಅಳತೆ ಕದ್ದದ್ದಕ್ಕಿಂತ, ಎಜೆ ಬಾಯಿ ಬಿಡಲಾರಳು ಎಂಬ ಆ ಧೈರ್ಯವೇ ಅವಳನ್ನು ಹೆಚ್ಚು ಸುಟ್ಟಿತು.

ಒಪ್ಪಿಗೆ ಇರುವವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಅವಳ ಕೈ.