ಪಲಾವ್ ಉಂಡು ಕೊಟ್ಟ ಐದು ಅಂಕ

೧
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ನೌಕರರ ನೆಮ್ಮದಿಗೂ ಸಂಸ್ಥೆಯ ಏಳಿಗೆಗೂ ಇರುವ ನಂಟಿನ ಬಗ್ಗೆ ಒಂದಿಡೀ ಪುಟ ಕೊರೆದಿದ್ದೆ. ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. (ನೀವು ಬಚಾವಾದಿರಿ.)

ಓಯ್ದಿನ್‌ಳಿಂದಲೇ ಶುರು ಮಾಡೋಣ. ನಮ್ಮೂರು ಮರ್ಗಿಲಾನಿನ ರೇಷ್ಮೆ ಕಾರ್ಖಾನೆಯ ಆಫೀಸಿನಲ್ಲಿ ಅವಳ ಕೆಲಸ. ಹಿಂದೆ ಮಗ್ಗ ಕಲಿಯಲು ಹೋಗಿ ಸೋತಿದ್ದಳು. ಕಲಿಸಿದ ಇನೋಬತ್ ಅಕ್ಕ ಒಂದು ದಿನವೂ ಬೈದಿರಲಿಲ್ಲ.

೨
ಮಾಲೀಕ ಹೋಶಿಮ್ ತಾಷ್ಕೆಂಟಿನಿಂದ ಪ್ರಶ್ನಾವಳಿ ತಂದ. ಕೆಲಸದಲ್ಲಿ ಎಷ್ಟು ತೃಪ್ತಿ? ಒಂದರಿಂದ ಐದು. ಸುಮ್ಮನೆ ಹೇಗೆ ಕೇಳುವುದು ಅಂತ ಓಯ್ದಿನ್ ಪಲಾವ್ ಮಾಡಿಸಿದಳು. ನಲವತ್ತು ನೇಕಾರ ಹೆಂಗಸರು ನೆಲದ ಮೇಲೆ ಒಂದೇ ಊಟದ ಹಾಸಿನ ಸುತ್ತ ಕೂತು ಉಂಡರು. ತಟ್ಟೆ ಎತ್ತುವ ಮೊದಲೇ ಅವಳು ಕಾಗದ ಹಂಚಿದಳು.

ಎಡವಟ್ಟಾದದ್ದು ಅಲ್ಲೇ. ಉಂಡ ಹಾಸಿನ ಮುಂದೆಯೇ ಕೂತು ಉಣಿಸಿದವರನ್ನು ದೂರುವ ನಾಲಿಗೆ ನಮ್ಮೂರಲ್ಲಿ ಯಾರಿಗೂ ಇಲ್ಲ.

“ಮಣಿಕಟ್ಟು ನೋಯ್ತದೆ ಅಂತಿದ್ರಲ್ಲಕ್ಕಾ?” ಓಯ್ದಿನ್ ಕೇಳಿದಳು.

“ಅಯ್ಯೋ ಸುಮ್ನಿರೇ, ಬಾಯಲ್ಲಿನ್ನೂ ಅನ್ನ ಇದೆ. ಐದು ಹಾಕು” ಎಂದಳು ಇನೋಬತ್ ಅಕ್ಕ.

ನಲವತ್ತು ಕಾಗದದಲ್ಲೂ ಐದು. ಹೋಶಿಮ್ ಹಿಗ್ಗಿಹೋದ. “ನೋಡಿದ್ಯಾ, ಎಲ್ರೂ ಖುಷಿ! ಮತ್ತೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಕೂತು ಚಹಾ ಯಾಕಂತೆ? ಹತ್ತು ನಿಮಿಷ ಸಾಕು, ಮಗ್ಗದ ಮುಂದೇನೇ ಕುಡೀಲಿ.”

ನೋಟಿಸ್ ಟೈಪ್ ಮಾಡಿ ಅಂಟಿಸಿದವಳು ಓಯ್ದಿನ್.

೪
(ಮೂರನ್ನು ಹೊಡೆದು ಹಾಕಿದ್ದೇನೆ. ಅದರಲ್ಲಿ ಗ್ರಾಫ್ ಇತ್ತು.)

ಯಾರ ಎಳೆ ಸಡಿಲ, ಯಾರ ಬೆನ್ನು ನೋವು, ಇವತ್ತು ಯಾರ ಮಗ್ಗಕ್ಕೆ ಯಾರು ಕೈಹಚ್ಚಬೇಕು, ಎಲ್ಲ ತೀರ್ಮಾನವಾಗುತ್ತಿದ್ದದ್ದು ಆ ಚಹಾದ ಗಂಟೆಯಲ್ಲಿ. ಅದು ಹೋದ ಮೂರೇ ತಿಂಗಳಿಗೆ ಬಟ್ಟೆಯ ಬಣ್ಣದ ಗೆರೆಗಳು ಅಡ್ಡಾದಿಡ್ಡಿಯಾದವು. ವ್ಯಾಪಾರಿಗಳು ಥಾನುಗಟ್ಟಲೆ ವಾಪಸ್ ಕಳಿಸಿದರು. ಒಂದು ಬೆಳಿಗ್ಗೆ ಇನೋಬತ್ ಅಕ್ಕನೂ ಬರಲಿಲ್ಲ.

೫
ಇಲ್ಲಿ, ಓಯ್ದಿನ್ ಕ್ಷಮೆ ಕೇಳಿದಳು, ಅಕ್ಕ ಅವಳನ್ನು ತಬ್ಬಿಕೊಂಡಳು ಅಂತ ಬರೆದಿದ್ದೆ. ಅದನ್ನೋದಿ ಓಯ್ದಿನ್ ನನ್ನ ಮೇಲೆ ಜಗಳಕ್ಕೇ ಬಂದಳು.

“ನನ್ನ ಮಾನ ಉಳಿಸೋಕೆ ಬರಬೇಡಿ ಅಣ್ಣಾ. ನಡೆದದ್ದು ಬರೀರಿ.”

“ಓದೋರಿಗೆ ಬೇಜಾರಾಗುತ್ತಮ್ಮಾ.”

“ಆಗ್ಲಿ ಬಿಡಿ. ನನಗಾಗಿಲ್ವಾ?”

ಸರಿ, ನಡೆದದ್ದು. ‘ತಪ್ಪಾಯ್ತಕ್ಕಾ, ವಾಪಸ್ ಬನ್ನಿ’ ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಅಕ್ಕನ ಮನೆಗೆ ಹೋದಳು. ಬಾಗಿಲಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹಾಸು ಹಾಸಿಯೇ ಬಿಟ್ಟಿದ್ದಳು. ಪಟ್ಟಿ ಕಟ್ಟಿದ ಕೈಯಲ್ಲೇ ರೊಟ್ಟಿ ಮುರಿದು ಮುಂದಿಟ್ಟಳು. “ಮೊದ್ಲು ತಿನ್ನು.”

ತಿಂದಳು.

“ಈಗ ಹೇಳು. ಕಾರ್ಖಾನೆ ಹೇಗಿದೆ?”

ಓಯ್ದಿನ್‌ಳ ಬಾಯಲ್ಲಿ ರೊಟ್ಟಿ ಇತ್ತು. “ಚೆನ್ನಾಗಿದೆ ಅಕ್ಕಾ.”

“ಎಷ್ಟು? ಐದಾ?”

ಓಯ್ದಿನ್‌ಗೆ ಅಳು ಒತ್ತರಿಸಿ ಬಂತು. “ಐದು” ಎಂದಳು.

ಕೊನೆಯದು
ಅಕ್ಕ ಈಗ ಅವಳ ಬಟ್ಟಲಿಗೆ ಚಹಾ ಹೊಯ್ಯುತ್ತಿದ್ದಾಳೆ. ನಮ್ಮಲ್ಲಿ ಅತಿಥಿಗೆ ಅರ್ಧ ಹೊಯ್ದರೆ ಇನ್ನೂ ಕೂತಿರು ಎಂದರ್ಥ. ತುಂಬ ಹೊಯ್ದರೆ ಎದ್ದು ಹೊರಡು ಎಂದು.

“ಅರ್ಧ ಅಂತ ಬರೀರಿ ಅಣ್ಣಾ” ಎನ್ನುತ್ತಾಳೆ ಓಯ್ದಿನ್.

“ನಡೆದದ್ದು ಬರೀರಿ ಅಂದವಳು ನೀನೇ ಅಲ್ವೇನಮ್ಮಾ?”

ಚಹಾ ಬಟ್ಟಲಿನ ಅರ್ಧಕ್ಕೆ ಬಂದಿದೆ, ಹೊಯ್ಯುತ್ತಿರುವ ಕೆಟಲನ್ನು ಅಕ್ಕ ಇನ್ನೂ ಮೇಲೆತ್ತಿಲ್ಲ. ನಾನು ಕಾಗದದ ಮೇಲಿಂದ ಪೆನ್ನು ಎತ್ತುತ್ತಿದ್ದೇನೆ.