ಗರಿಕೆ ತೆನೆ ಮತ್ತು ಯಶೋದಮ್ಮನ ಸೀನು

ರಸೆಲ್ ಮಾರುಕಟ್ಟೆಯಲ್ಲಿ ಹೂವು ಮಾರುವ ಯಶೋದಮ್ಮ ಒಮ್ಮೆ ಸೀನಿದರೆ ಛಾವಣಿಯ ಪಾರಿವಾಳಗಳೆಲ್ಲ ಎದ್ದು ಆಚೆಯ ಚರ್ಚಿನ ಗೋಪುರದ ಮೇಲೆ ಕೂರುತ್ತಿದ್ದವು. ಎರಡನೆಯ ಸೀನಿಗೆ ವಾಪಸ್ ಬರುತ್ತಿದ್ದವು. ಮೂರನೆಯದಕ್ಕೆ ಶಿವಾಜಿನಗರ ಬಸ್ ನಿಲ್ದಾಣದ ಡ್ರೈವರುಗಳು ಕಂಡಕ್ಟರ್ ‘ರೈಟ್’ ಅಂದ ಎಂದುಕೊಂಡು ಗಾಡಿ ಬಿಟ್ಟುಬಿಡುತ್ತಿದ್ದರು. ಇದಕ್ಕೆಲ್ಲ ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಗುಲ್ಷನ್ ಸಾಕ್ಷಿ. ಗುಲ್ಷನ್ ಸುಳ್ಳು ಹೇಳುವುದು ನಿಂಬೆಹಣ್ಣಿನ ರಸದ ವಿಷಯದಲ್ಲಿ ಮಾತ್ರ.

ಊರಿಗೆ ತಮಾಷೆ, ಯಶೋದಮ್ಮನಿಗೆ ಪ್ರಾಣಸಂಕಟ. ಶ್ರಾವಣ ಬಂತೆಂದರೆ ಕಣ್ಣು ಕೆಂಪು, ಮೂಗು ನಲ್ಲಿ, ಎದೆಯಲ್ಲಿ ಸುಯ್ ಸುಯ್ ಸದ್ದು. ಹಬ್ಬಗಳ ವ್ಯಾಪಾರವೂ ಆಗಲೇ.

“ಏನಮ್ಮಾ, ದೇವರ ಹೂವಿನ ಮೇಲೇ ಸೀನ್ತೀರಲ್ಲಾ!” ಎಂದು ಗಿರಾಕಿಗಳು ಮುಖ ಸಿಂಡರಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ಆಕೆಯ ಗಂಡ ಮುನಿರಾಜಪ್ಪ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವರು. ಯಾವುದನ್ನು ಕಂಡರೂ ಮೊದಲು ರಿಜೆಕ್ಟ್ ಮಾಡಿ ಆಮೇಲೆ ನೋಡುವುದು ಅಭ್ಯಾಸ.

“ಸೇವಂತಿಗೆ, ಮಲ್ಲಿಗೆ ಮಧ್ಯ ಕೂತ್ರೆ ಸೀನು ಬರ್ದೇ ಇನ್ನೇನು ಬರುತ್ತೆ? ಹೂವೇ ನಿನ್ ಶತ್ರು. ನಾಳೆಯಿಂದ ಮಾರ್ಕೆಟ್ ಬಂದ್. ಮನೇಲಿ ಕೂತ್ಕೋ” ಎಂದು ತೀರ್ಪು ಕೊಟ್ಟರು.

“ಅತ್ತೆ ಕೂತಿದ್ದ ಜಾಗ ರೀ ಅದು. ಗಣಪತಿ ಹಬ್ಬಕ್ಕೆ ಖಾಲಿ ಬಿದ್ರೆ ಬೇರೆಯವ್ರು ಬುಟ್ಟಿ ಇಡ್ತಾರೆ. ಆಮೇಲೆ ಆ ಬುಟ್ಟಿ ಎಬ್ಬಿಸೋಕೆ ಆನೇನೂ ಸಾಲಲ್ಲ.”

“ಜಾಗ ಮುಖ್ಯಾನೋ ಮೂಗು ಮುಖ್ಯಾನೋ?”

ಹಬ್ಬದವರೆಗೆ ಜಾಗ ನೋಡಿಕೋ ಎಂದು ಗುಲ್ಷನ್‌ಗೆ ಹೇಳಿ, ಯಶೋದಮ್ಮ ಕೆ.ಆರ್. ಪುರದ ಮನೆಯ ಜಗುಲಿಯಲ್ಲಿ ಕೂತಳು. ಸುತ್ತ ಒಂದು ಎಸಳು ಹೂವಿಲ್ಲ. ಎದುರಿಗೆ ಒಂದು ಖಾಲಿ ಸೈಟು, ಅದರ ತುಂಬ ಹುಲ್ಲು, ತಂಪು ಗಾಳಿ.

ಸೀನು ಇಮ್ಮಡಿಯಾಯಿತು. ಕರಿಯ ಎಂಬ ಬೀದಿನಾಯಿ ಇವರ ಮನೆ ಬಾಗಿಲು ಬಿಟ್ಟು ಮೂರನೆಯ ತಿರುವಿನಲ್ಲಿ ಸಂಸಾರ ಹೂಡಿತು. ಮುನಿರಾಜಪ್ಪನವರ ಕನ್ನಡಕ ಎರಡು ಸಲ ಕಾಫಿ ಲೋಟಕ್ಕೆ ಬಿತ್ತು.

“ಹೂವು ಬಿಟ್ಟೆ. ಸೀನು ನನ್ನ ಬಿಡ್ಲಿಲ್ಲ. ಈಗ ಯಾರನ್ನ ಬಿಡಿಸ್ತೀರಾ?” ಎಂದಳು ಯಶೋದಮ್ಮ. ಅವರು ಲೋಟದಿಂದ ಕನ್ನಡಕ ಎತ್ತಿ ಒರೆಸಿಕೊಂಡರು.

ಅದೇ ವಾರ ಒಂದು ಬೆಳಗ್ಗೆ ಖಾಲಿ ಸೈಟಿನಲ್ಲಿ ಮಾಸ್ಕ್ ಹಾಕಿಕೊಂಡ ಹುಡುಗಿಯೊಬ್ಬಳು ಹುಲ್ಲಿನ ತೆನೆ ಕಿತ್ತು ಕಾಗದದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

“ಯಾರಮ್ಮಾ ಅದು? ಗರಿಕೆ ಬೇಕಾದ್ರೆ ಎಳೇದು ಕೀಳು. ತೆನೆ ಬಂದಿದ್ದು ಪೂಜೆಗಾಗಲ್ಲ” ಎಂದು ಜಗುಲಿಯಿಂದಲೇ ಕೂಗಿದಳು ಯಶೋದಮ್ಮ. ಜೊತೆಗೆ ನಾಲ್ಕು ಸೀನು ಹೋದವು.

“ಅರೆ ಆಂಟಿ, ನನಗೆ ತೆನೇನೇ ಬೇಕು!” ಎಂದು ಹುಡುಗಿ ಹತ್ತಿರ ಬಂದಳು. ಹೆಸರು ನಾಜಿಶ್. ಶಿವಾಜಿನಗರದವಳೇ. ಲ್ಯಾಬ್ ಒಂದರಲ್ಲಿ ಹುಲ್ಲಿನ ಪರಾಗವನ್ನು ಅಭ್ಯಾಸ ಮಾಡುತ್ತಿದ್ದಳು. ಹೂವಿನ ವ್ಯಾಪಾರ, ಗಂಡನ ತೀರ್ಪು ಎಲ್ಲವನ್ನೂ ಯಶೋದಮ್ಮನಿಂದ ಕೇಳಿಕೊಂಡು, ಕಾಗೆಯ ಕಾಲಿನಂತೆ ಕವಲೊಡೆದ ಗರಿಕೆ ತೆನೆಯನ್ನು ದೂರ ಹಿಡಿದು ಮೆಲ್ಲಗೆ ತಟ್ಟಿದಳು. ಬಿಸಿಲಲ್ಲಿ ಹೊಗೆಯಂಥ ಪುಡಿ ಹಾರಿತು.

“ಇದು ಪರಾಗ ಆಂಟಿ. ನಿಮ್ಮ ಮಲ್ಲಿಗೇದು ಅಂಟಂಟಾಗಿರುತ್ತೆ, ಹುಳ ಬಂದು ಹೊತ್ಕೊಂಡು ಹೋಗ್ಬೇಕು. ಹುಲ್ಲಿಂದಕ್ಕೆ ಗಾಳೀನೇ ಬಸ್ಸು. ಟಿಕೆಟ್ ಇಲ್ದೇ ಬಂದು ಮೂಗೊಳಗೆ ಇಳಿಯುತ್ತೆ. ಅದರಲ್ಲಿರೋ ಕೆಲವು ಪ್ರೋಟೀನ್ ಕೆಲವರ ಮೈಗೆ ಆಗಲ್ಲ.”

ಮುನಿರಾಜಪ್ಪ ಎದ್ದು ಬಂದರು. “ಏನಮ್ಮಾ, ಗಣಪತಿಗೆ ಏರಿಸೋ ಗರಿಕೆ ಮೇಲೇ ದೂರಾ? ರಿಜೆಕ್ಟ್!”

“ಗರಿಕೇದು ತಪ್ಪಿಲ್ಲ ಅಂಕಲ್. ಪೂಜೆಗೆ ಕೊಡೋ ಎಳೇ ಕುಡೀಲಿ ಪರಾಗಾನೇ ಇರಲ್ಲ. ನೀವು ಹೂವನ್ನ ಶತ್ರು ಅಂದ್ಕೊಂಡ್ರಲ್ಲಾ, ಹಂಗೇ ಆಂಟಿ ಮೈ ಈ ಪುಡೀನ ಶತ್ರು ಅಂದ್ಕೊಂಡು ಯುದ್ಧಕ್ಕೆ ನಿಂತಿರಬಹುದು. ಆ ಯುದ್ಧದ ಸದ್ದೇ ಸೀನು.”

ಮುನಿರಾಜಪ್ಪ ಜಗುಲಿಯ ಅಂಚಿನಲ್ಲಿ ಕೂತರು.

“ಆದ್ರೆ ನಾನು ಹೇಳ್ದೆ ಅಂತ ನಂಬಬೇಡಿ. ನಾನು ಡಾಕ್ಟರಲ್ಲ. ಕೆಲವರಿಗೆ ಧೂಳು, ಕೆಲವರಿಗೆ ಸೇವಂತಿಗೇನೂ ಆಗಲ್ಲ. ಅಲರ್ಜಿ ಡಾಕ್ಟರ ಹತ್ರ ಟೆಸ್ಟ್ ಮಾಡಿಸಿ. ಹುಲ್ಲೇ ಅಂತ ಗೊತ್ತಾದ್ರೆ ಇಮ್ಯುನೋಥೆರಪಿ ಅಂತ ಇದೆ. ಅದೇ ಪರಾಗದ ಸಾರಾನ ತೀರಾ ಕಮ್ಮಿಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಕೊಂಡು ಇಂಜೆಕ್ಷನ್ ಕೊಡ್ತಾರೆ.”

“ಕಾಟ ಕೊಡೋದನ್ನೇ ಚುಚ್ಚೋದಾ? ಬೆಂಕಿ ಆರ್ಸೋಕೆ ಸೀಮೆಎಣ್ಣೆನಾ?”

ಉತ್ತರ ಯಶೋದಮ್ಮನ ಬಾಯಿಂದ ಬಂತು. “ರೀ, ನಮ್ಮ ಕರಿಯ ಗ್ಯಾಸಿನವನನ್ನ ಕಂಡ್ರೆ ತೊಡೆ ಕಚ್ಚೋಕೆ ಹೋಗ್ತಿತ್ತಲ್ಲಾ? ಅವ್ನು ಏನ್ ಮಾಡ್ದ? ಮೊದ್ಲು ಬೀದಿ ಕೊನೇಲಿ ನಿಂತ್ಕೊಂಡ. ಆಮೇಲೆ ಲೈಟ್ ಕಂಬದ ಹತ್ರ. ಆಮೇಲೆ ಗೇಟು. ನನ್ನ ಸೀನಿಗೆ ಓಡಿಹೋಗೋ ತನಕ ಅವ್ನ ಸಿಲಿಂಡರ್ ಮೇಲೇ ನಿದ್ದೆ ಮಾಡ್ತಿತ್ತು.”

ನಾಜಿಶ್ ಕಣ್ಣರಳಿಸಿದಳು. “ಆಂಟಿ, ಇನ್ಮೇಲೆ ನಾನೂ ಇದನ್ನೇ ಹೇಳ್ತೀನಿ!”

“ಮತ್ತೆ ನಿನ್ನ ಚೀಲ ಯಾಕಮ್ಮಾ?” ಎಂದಳು ಯಶೋದಮ್ಮ.

“ಹೊರದೇಶದ ಹುಲ್ಲಿನ ಬಗ್ಗೆ ತುಂಬಾ ಜನ ಓದಿದಾರೆ. ನಮ್ಮ ಬೀದಿ ಹುಲ್ಲಲ್ಲಿ ಯಾವ ಪ್ರೋಟೀನು ಯಾರಿಗೆ ಕಾಟ ಕೊಡುತ್ತೆ ಅನ್ನೋದು ಇನ್ನೂ ತಿಳ್ಕೊಳ್ಳೋದಿದೆ. ಸರಿಯಾಗಿ ಗೊತ್ತಾದ್ರೆ ಮುಂದೆ ಗುರಿ ಇಟ್ಟು ಔಷಧಿ ಮಾಡಬಹುದು.”

ಮರುದಿನವೇ ಯಶೋದಮ್ಮ ಹೊರಟು ನಿಂತಳು. ಮುನಿರಾಜಪ್ಪ ಹಿಂದೆ ಹೋದರು, ತಪ್ಪು ಹುಡುಕಲು.

ಡಾಕ್ಟರು ತೋಳಿನ ಮೇಲೆ ಬೇರೆ ಬೇರೆ ಸಾರದ ಹನಿ ಇಟ್ಟು ಸೂಜಿಮೊನೆ ಸೋಕಿಸಿದರು. ಸ್ವಲ್ಪ ಹೊತ್ತಿಗೆ ಗರಿಕೆಯ ಹನಿ ಇಟ್ಟ ಕಡೆ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಸೇವಂತಿಗೆಯ ಜಾಗ ನುಣ್ಣಗೆ ಹಾಗೇ ಇತ್ತು. ಮುನಿರಾಜಪ್ಪ ಕನ್ನಡಕ ಏರಿಸಿ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿರಲಿಲ್ಲ.

“ಪಾಸ್” ಎಂದರು.

“ಬೇಗ ವಾಸಿಯಾಗುತ್ತಾ ಡಾಕ್ಟ್ರೇ?”

“ಬೇಗ ಇಲ್ಲಮ್ಮ. ಮೊದಲು ಉಬ್ಬಸ ಹತೋಟಿಗೆ ಬರ್ಬೇಕು. ಆಮೇಲೆ ಮೂರು ವರ್ಷವಾದ್ರೂ ಬೇಕು. ಮಧ್ಯ ಬಿಡೋಹಾಗಿಲ್ಲ. ಪ್ರತಿ ಸಲ ಇಂಜೆಕ್ಷನ್ ಆದ್ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರ್ಬೇಕು. ಅಪರೂಪಕ್ಕೆ ಮೈ ಜೋರಾಗಿ ತಿರುಗಿಬೀಳುತ್ತೆ, ಆಗ ನಾವು ಹತ್ರ ಇರ್ಬೇಕು.”

“ಮಾರ್ಕೆಟ್ಟಲ್ಲಿ ಇಡೀ ದಿನ ಕೂತೋಳು ನಾನು. ಅರ್ಧ ಗಂಟೆ ಕೂರಲ್ವಾ?” ಎಂದಳು.

ಆ ವರ್ಷದ ಗಣಪತಿ ಹಬ್ಬಕ್ಕೆ ವಾಸಿಯಾಗಿರಲಿಲ್ಲ. ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ಹಾಕಿಕೊಂಡು, ದಾರಿಯಲ್ಲಿ ಮಾಸ್ಕ್ ಕಟ್ಟಿಕೊಂಡು ಆಕೆ ಬೆಳಗಿನ ಬಸ್ಸಿಗೆ ಹೊರಟಳು. ಮುನಿರಾಜಪ್ಪ ಸೈಟಿನ ಮಾಲೀಕನ ಬೆನ್ನು ಬಿದ್ದು, ತೆನೆ ಬರುವ ಮೊದಲೇ ಹುಲ್ಲು ಕೊಯ್ಯಿಸುವ ವ್ಯವಸ್ಥೆ ಮಾಡಿದರು. ಮಾಲೀಕ ಬೇಸತ್ತು ಫೋನ್ ನಂಬರ್ ಬದಲಾಯಿಸಿದ. ಇವರು ಹೊಸ ನಂಬರನ್ನೂ ಪತ್ತೆ ಹಚ್ಚಿದರು.

ಮಾರುಕಟ್ಟೆಯ ಜಾಗದಲ್ಲಿ ಯಾರದೋ ಬುಟ್ಟಿ ಬರುವುದರಲ್ಲಿತ್ತು. ಗುಲ್ಷನ್ ಅಲ್ಲಿ ನಿಂಬೆಹಣ್ಣು ಹರಡಿ ಅದರ ಮೇಲೆ ತಾನೇ ಮಲಗಿದ್ದ. “ಬಂದ್ರಾ ಅಕ್ಕಾ? ನನ್ ಬೆನ್ನು ಪಾನಕ ಆಗೋಯ್ತು!” ಎಂದು ಎದ್ದ. ಯಶೋದಮ್ಮ ಕೂತು ಎಳೇ ಗರಿಕೆಯ ಕಟ್ಟುಗಳನ್ನು ಸಾಲಾಗಿ ಜೋಡಿಸಿದಳು.

ಮೂರು ವರ್ಷ ಒಂದು ಇಂಜೆಕ್ಷನ್ನೂ ತಪ್ಪಿಸಲಿಲ್ಲ. ಮೂರನೆಯ ವರ್ಷದ ಹಬ್ಬದ ಹಿಂದಿನ ದಿನ, ತುಂಬಿದ ವ್ಯಾಪಾರದ ಮಧ್ಯೆ ಆಕೆಗೆ ಒಂದೇ ಒಂದು ಸಣ್ಣ ಸೀನು ಬಂತು. ಛಾವಣಿಯ ಮೇಲೆ ಒಂದು ಮುದಿ ಪಾರಿವಾಳ ಹಳೇ ನೆನಪಿಗೆ ಒಂದು ರೆಕ್ಕೆ ಎತ್ತಿತು, ಕೆಳಗೆ ನೋಡಿತು, ಮತ್ತೆ ಮಡಚಿಕೊಂಡಿತು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವರ್ಷಾ ವರ್ಷಾ ಒಂದೇ ಕಾಲಕ್ಕೆ ಸೀನುವವರು, ಕಣ್ಣು ಉಜ್ಜುವವರು, ಏದುಸಿರು ಬಿಡುವವರು ಇದ್ದರೆ ಮನೆಯಲ್ಲೇ ತೀರ್ಪು ಕೊಡಬೇಡಿ. ಕಸುಬು ಬಿಡಿಸುವ ಮೊದಲು ಅಲರ್ಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಟೆಸ್ಟಿಗೆ ಮೊದಲೇ ಅವರಿಗೆ ಹೇಳಿ. ಈ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ. ನಿಮಗೆ ಹೊಂದುತ್ತದೆಯೇ ಎಂದು ಅವರೇ ಹೇಳುತ್ತಾರೆ. ಹೊಂದಿದರೆ, ಶುರು ಮಾಡಿದ್ದನ್ನು ಮಧ್ಯದಲ್ಲಿ ಬಿಡಬೇಡಿ. ಗೇಟಿನ ತನಕ ಬಂದ ಗ್ಯಾಸಿನವನು ಅಲ್ಲಿಂದಲೇ ವಾಪಸ್ ಹೋದರೆ ಸಿಲಿಂಡರ್ ಒಳಗೆ ಬರುವುದಿಲ್ಲ.